ಪುಸ್ತಕದ ಆರ್‌ಎಫ್‌ಐಡಿ ಟ್ಯಾಗ್‌ನಲ್ಲಿ ಏನು ಬರೆಯಬೇಕು, ಯಾವುದನ್ನು ಲಾಕ್ ಮಾಡಬೇಕು?

ಪ್ರಶ್ನೆ:
ಗ್ರಂಥಾಲಯವನ್ನು ಬಾರ್‌ಕೋಡ್‌ನಿಂದ 13.56 ಮೆಗಾಹರ್ಟ್ಸ್ ಆರ್‌ಎಫ್‌ಐಡಿ (ರೇಡಿಯೊ ತರಂಗದಿಂದ ಓದುವ) ಟ್ಯಾಗ್‌ಗೆ ಬದಲಾಯಿಸುತ್ತಿದ್ದೇವೆ. ಚಿಪ್ ಐಕೋಡ್ ಸ್ಲಿಕ್ಸ್. ಶೀರ್ಷಿಕೆ, ಲೇಖಕರ ಹೆಸರನ್ನೂ ಟ್ಯಾಗ್‌ಗೇ ಹಾಕಿ ಎಂಬ ಸಲಹೆ ಬಂದಿದೆ. ಓದುಗರ ಚೀಲದಲ್ಲಿ ಯಾವ ಪುಸ್ತಕವಿದೆಯೆಂದು ಬೇರೆಯವರಿಗೆ ತಿಳಿಯಬಾರದು, ಬಾಗಿಲ ಬಳಿಯ ಕಳ್ಳತನ ತಡೆಯುವ ಗೇಟ್‌ಗೂ ಯಾರೂ ಮೋಸ ಮಾಡಬಾರದು. ಏನು ಮಾಡಬೇಕು?

ಉತ್ತರ 1:
ಶೀರ್ಷಿಕೆ ಖಂಡಿತ ಬೇಡ. ನಿಮ್ಮದು ಐಎಸ್‌ಒ 15693 ಮಾನದಂಡದ ಟ್ಯಾಗ್, ಅದನ್ನು ಎನ್‌ಎಫ್‌ಸಿ (ಹತ್ತಿರದಿಂದ ಟ್ಯಾಗ್ ಓದುವ ಸೌಲಭ್ಯ) ಇರುವ ಫೋನೇ ಓದುತ್ತದೆ. ಬಾರ್‌ಕೋಡ್ ಸಂಖ್ಯೆಯನ್ನಷ್ಟೇ ಗ್ರಂಥಾಲಯ ಟ್ಯಾಗ್‌ಗಳಿಗಿರುವ ಐಎಸ್‌ಒ 28560 ಮಾದರಿಯಲ್ಲಿ ಬರೆಯಿರಿ, ಉಳಿದದ್ದು ಡೇಟಾಬೇಸ್‌ನಲ್ಲಿರಲಿ. ಸ್ಲಿಕ್ಸ್‌ನಲ್ಲಿ ನಮಗೆ ಸಿಗುವ ಜಾಗವೂ 112 ಬೈಟ್ ಮಾತ್ರ. ಆದರೂ ಚಿಪ್‌ನ 64 ಬಿಟ್ ಯುಐಡಿ (ಪ್ರತಿ ಚಿಪ್‌ಗೂ ಬೇರೆಯಾದ ಗುರುತಿನ ಸಂಖ್ಯೆ) ಬದಲಾಗುವುದಿಲ್ಲ. ಕಪಾಟಿನಲ್ಲಿ ಅದನ್ನು ಮೊದಲೇ ಓದಿಟ್ಟುಕೊಂಡವರು ಹೊರಗೆ ಅದೇ ಪ್ರತಿಯನ್ನು ಗುರುತಿಸಬಲ್ಲರು. ಫೋನನ್ನು ಕೆಲವೇ ಸೆಂಟಿಮೀಟರ್ ಹತ್ತಿರ ಹಿಡಿಯಬೇಕಾಗುವುದರಿಂದ ಅಪಾಯ ಕಡಿಮೆ, ಇಲ್ಲವೆಂದಲ್ಲ.

ಉತ್ತರ 2:
ಗೇಟ್‌ನ ವಿಷಯಕ್ಕೆ ಬಂದರೆ, ಅದು ಸಾಮಾನ್ಯವಾಗಿ ನೋಡುವುದು ಎಎಫ್‌ಐ ಬೈಟನ್ನು (ಟ್ಯಾಗ್ ಯಾವ ಬಳಕೆಯಲ್ಲಿದೆ ಎಂದು ಹೇಳುವ ಸಂಕೇತ): ಕಪಾಟಿನಲ್ಲಿದ್ದಾಗ 07, ಎರವಲು ಹೋದಾಗ ಸಿ2. ರಕ್ಷಣೆ ಇಲ್ಲದಿದ್ದರೆ ಫೋನ್‌ನಿಂದಲೇ ಅದನ್ನು ತಿದ್ದಬಹುದು. ಮೊದಲು ಸಂಖ್ಯೆ ಬರೆದು, ಮತ್ತೆ ಓದಿ ತಾಳೆ ನೋಡಿ. ಸರಿಯಿದ್ದರೆ ಆ ಬ್ಲಾಕ್‌ಗಳನ್ನು ಲಾಕ್ ಮಾಡಿ. ಆಮೇಲೆ 32 ಬಿಟ್ ಪಾಸ್‌ವರ್ಡ್ ಬದಲಿಸಿ (ಬರುವಾಗ ಎಲ್ಲ ಸೊನ್ನೆಯೇ ಇರುತ್ತದೆ), ಎಎಫ್‌ಐಗೆ ಪಾಸ್‌ವರ್ಡ್ ರಕ್ಷಣೆ ಹಾಕಿ. ಎಎಫ್‌ಐ ಬೈಟನ್ನೇ ಲಾಕ್ ಮಾಡಿಬಿಡಬೇಡಿ! ಆ ಲಾಕ್ ಶಾಶ್ವತ, 07ರಲ್ಲಿ ಸಿಕ್ಕಿಕೊಂಡ ಪುಸ್ತಕ ಪ್ರತಿಸಲ ಹೊರಹೋಗುವಾಗಲೂ ಗೇಟ್ ಕೂಗಿಸುತ್ತದೆ.

ಎರವಲು ಕೊಡುವಾಗ ಕ್ರಮ ಮುಖ್ಯ. ಮೊದಲು ಡೇಟಾಬೇಸ್‌ನಲ್ಲಿ ದಾಖಲೆ, ನಂತರ ಎಎಫ್‌ಐ. ನಡುವೆ ಪುಸ್ತಕ ಎತ್ತಿಕೊಂಡರೆ ಗೇಟ್ ಕೂಗುತ್ತದೆ, ಅಷ್ಟೇ. ತಿರುಗುಮುರುಗಾದರೆ ದಾಖಲೆಯೇ ಇಲ್ಲದೆ ಪುಸ್ತಕ ಹೊರಬೀಳುತ್ತದೆ.

ಉತ್ತರ 3:
ಟ್ಯಾಗ್ ಹಿಂಬದಿ ರಟ್ಟಿನ ಒಳಗೆ, ಬೆನ್ನಿಗೆ ಹತ್ತಿರ ಇರಲಿ, ಆದರೆ ಎಲ್ಲ ಪುಸ್ತಕಕ್ಕೂ ಒಂದೇ ಎತ್ತರ ಬೇಡ. ತೆಳು ಪುಸ್ತಕಗಳಲ್ಲಿ ಟ್ಯಾಗ್‌ಗಳು ಒಂದರ ಮೇಲೊಂದು ಕೂತರೆ ಆಂಟೆನಾಗಳ ಶ್ರುತಿ ತಪ್ಪಿ ಎರಡೂ ಓದದೆ ಹೋಗಬಹುದು. ಲೋಹದ ಹಾಳೆಯಿರುವ ಮುಖಪುಟಕ್ಕೂ ಇದೇ ತೊಂದರೆ, ಅಂಥವಕ್ಕೆ ಬಾರ್‌ಕೋಡನ್ನೇ ಉಳಿಸಿಕೊಳ್ಳಿ. ಲೋಹದ ಹಾಳೆ ಹೊಲಿದ ಚೀಲ ಟ್ಯಾಗನ್ನು ಗೇಟ್‌ನಿಂದ ಮರೆಮಾಡುತ್ತದೆ, ಅದನ್ನು ಯಾವ ಪಾಸ್‌ವರ್ಡೂ ತಡೆಯುವುದಿಲ್ಲ, ಹಾಗಾಗಿ ಕೈ ರೀಡರ್ ಹಿಡಿದು ಕಪಾಟು ಎಣಿಸುವುದನ್ನು ಬಿಡಬೇಡಿ.

ಗೌಪ್ಯತೆಯ ಚಿಂತೆಯಿದ್ದರೆ ಟ್ಯಾಗ್‌ಗಿಂತ ಮೊದಲು ಎಸ್‌ಐಪಿ2 (ಎರವಲು ಯಂತ್ರ ಗ್ರಂಥಾಲಯದ ಸರ್ವರ್‌ನೊಂದಿಗೆ ಮಾತಾಡುವ ವಿಧಾನ) ಸಂಪರ್ಕ ನೋಡಿ. ಸ್ವಯಂ ಎರವಲು ಯಂತ್ರ ಮತ್ತು ಸರ್ವರ್ ನಡುವೆ ಓದುಗರ ಹೆಸರು, ಪಾಸ್‌ವರ್ಡ್ ಎರಡೂ ಗೂಢಲಿಪಿಯಿಲ್ಲದೆ ಹರಿಯುತ್ತವೆ. ಮಾಹಿತಿಯನ್ನು ಗೂಢಲಿಪಿಯಾಗಿಸುವ ಟಿಎಲ್‌ಎಸ್ ಅಥವಾ ವಿಪಿಎನ್ ಒಳಗಿಂದಲೇ ಕಳಿಸಿ.