ಪಾಸ್‌ವರ್ಡ್ ಬದಲಿಸಿದ್ರೂ ಮತ್ತ ಆರ್ಡರ್ ಆಗಾಕತ್ತಾವ, ಏನ್ ಮಾಡೂದ್ರಿ?

ಗುಳೇದಗುಡ್ಡದ ತಮ್ಮ:
ನಮಸ್ಕಾರ್ರಿ. ನಮ್ಮ ಅಕ್ಕ ಗುಳೇದಗುಡ್ಡದಾಗ ಖಣ ಮಾರ್ತಾಳ. ಪ್ಯಾಕಿಂಗ್ ಸಾಮಾನು ಒಂದು ಶಾಪಿಂಗ್ ಆ್ಯಪಿನಾಗ ತರಸ್ತಾಳ, ಕ್ರೆಡಿಟ್ ಕಾರ್ಡ್ ಅದರಾಗ ಸೇವ್ ಐತಿ. ನಿನ್ನೆ ರಾತ್ರಿ ಬ್ಯಾಂಕಿನ ಆ್ಯಪ್ ತಗದ್ರ ₹28,000 ಹೋಗೈತಿ. ಎಲ್ಲಾ ಗಿಫ್ಟ್ ವೋಚರ್! ಒಟಿಪಿ ಯಾರಿಗೂ ಹೇಳಿಲ್ರಿ, ಒಟಿಪಿ ಬಂದದ್ದ ಕಂಡಿಲ್ಲ. ಆರ್ಡರಿನ ಇಮೇಲೂ ಬಂದಿಲ್ಲ. ಅಕ್ಕನ ಫೋನಿನಾಗ ಕೂಡ್ಲೆ ಪಾಸ್‌ವರ್ಡ್ ಬದಲಿ ಮಾಡಿದ್ವಿ, ಮುಂಜಾನೆ ಎದ್ದು ನೋಡಿದ್ರ ಮತ್ತೊಂದು ವೋಚರ್. ಆಕಿ ಊಟ ಬಿಟ್ಟು ಕುಂತಾಳ. ದಯವಿಟ್ಟು ಹೇಳ್ರಿ.

ವಿಜಯಪುರ ಮೊಬೈಲ್ ರಿಪೇರಿ:
ತಮ್ಮಾ, ಇದನ್ನ ಓದಿದ ಕೂಡ್ಲೇ ಕಾರ್ಡ್ ಬ್ಲಾಕ್ ಮಾಡ್ಸು. ಅಕ್ಕನ ಫೋನಿನಿಂದ ಬ್ಯಾಡ, ನಿನ್ನ ಫೋನಿನಿಂದ. ಕಾರ್ಡಿನ ಹಿಂದ ಅಚ್ಚಾಗಿರೋ ನಂಬರಿಗೇ ಹಚ್ಚು. ಗೂಗಲ್‌ನಾಗ ಹುಡುಕಿದ್ರ ಕಳ್ಳರು ಹಾಕಿದ ಕಸ್ಟಮರ್ ಕೇರ್ ನಂಬರೂ ಸಿಗ್ತಾವ. ಅದಾದ ಮ್ಯಾಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಮಾಡಿ ದೂರು ಕೊಡು. ಅಲ್ಲಿಂದ ರೊಕ್ಕ ಹೋದ ಕಡೆ ಸುದ್ದಿ ಮುಟ್ಟತದ, ಇನ್ನೂ ಖರ್ಚಾಗದ ರೊಕ್ಕ ತಡೀಲಿಕ್ಕೆ ಬರ್ತದ. ಶಾಪಿಂಗ್ ಕಂಪನಿಗೂ ಹೇಳಿ, ಬಳಸದ ವೋಚರ್ ರದ್ದು ಮಾಡ್ರಿ ಅಂತ ಕೇಳು. ವೋಚರ್ ಅಂದ್ರ ಮನಿ ವಿಳಾಸ ಬೇಕಾಗಿಲ್ಲ, ಬರೇ ಒಂದು ಕೋಡ್. ಕಳ್ಳರು ಅದನ್ನೇ ಕೊಳ್ಳೂದು ಇದಕ್ಕ.

ಇನ್ನ ನನಗ ಸಂಶಯ ಬಂದದ್ದು ಒಟಿಪಿ ವಿಷಯಕ್ಕ. ಒಟಿಪಿ ಇಲ್ದ ಇಷ್ಟು ಖರೀದಿ ಆಗೂದು ಕಷ್ಟ, ಅಂದ್ರ ಅದು ಬಂದದ, ನಿಮಗ ಕಂಡಿಲ್ಲ. ಸಿಮ್ ಯಾರರ ಡೂಪ್ಲಿಕೇಟ್ ತಗೊಂಡಿದ್ರ ಅಕ್ಕನ ಫೋನಿನಾಗ ನೆಟ್‌ವರ್ಕೇ ಇರ್ತಿದ್ದಿಲ್ಲ. ನೆಟ್‌ವರ್ಕ್ ಇತ್ತು ಅಂದ್ರ ಫೋನಿನೊಳಗ ಮೆಸೇಜ್ ಓದಿ ಮುಚ್ಚಿಡೋ ಆ್ಯಪ್ ಕುಂತಿರಬೇಕು. ಸೆಟ್ಟಿಂಗ್ಸಿನಾಗ ಪರ್ಮಿಷನ್ ಮ್ಯಾನೇಜರ್ ತಗದು, ಎಸ್ಸೆಮ್ಮೆಸ್ ಅನುಮತಿ ಯಾವ ಯಾವ ಆ್ಯಪಿಗೆ ಅದ ನೋಡು. ಜಿಮೇಲಿನಾಗ ಫಿಲ್ಟರ್ ಮತ್ತು ಫಾರ್ವರ್ಡಿಂಗ್ ನೋಡು. ಅವು ಕಂಪ್ಯೂಟರಿನಾಗ ತಗದ್ರ ಸರಿ ಕಾಣ್ತಾವ.

ಗುಳೇದಗುಡ್ಡದ ತಮ್ಮ:
ಅಣ್ಣಾರ, ಕಾರ್ಡ್ ಬ್ಲಾಕ್ ಆತು, 1930ಕ್ಕೂ ಹೇಳಿದ್ವಿ, ದೂರಿನ ನಂಬರ್ ಕೊಟ್ಟಾರ. ನೀವು ಹೇಳಿದ್ದು ಖರೇ ಐತ್ರಿ. ನೆಟ್‌ವರ್ಕ್ ಇತ್ತು. ಎಸ್ಸೆಮ್ಮೆಸ್ ಪಟ್ಟಿಯಾಗ ‘ಮದುವೆ ಕಾರ್ಡ್’ ಅನ್ನೂ ಆ್ಯಪ್ ಐತಿ, ಹೋಮ್ ಸ್ಕ್ರೀನಿನಾಗ ಅದರ ಐಕಾನ್ ಇಲ್ಲ. ನಮ್ಮ ಸಂಬಂಧಿಕರ ವಾಟ್ಸಾಪಿನಿಂದ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ಸೀದಾ ಹಾಕೂ ಆ್ಯಪಿನ ಫೈಲ್) ಆಗಿ ಬಂದಿತ್ತಂತ. ಜಿಮೇಲಿನಾಗ ಶಾಪಿಂಗ್ ಕಂಪನಿ ಇಮೇಲ್ ಬಂದ್ರ ಸೀದಾ ಟ್ರ್ಯಾಶಿಗೆ ಹೋಗೂ ಹಂಗ ಫಿಲ್ಟರ್ ಹಾಕ್ಯಾರ. ಟ್ರ್ಯಾಶಿನಾಗ ಎಲ್ಲಾ ಆರ್ಡರಿನ ಇಮೇಲ್ ಅದಾವ.

ವಿಜಯಪುರ ಮೊಬೈಲ್ ರಿಪೇರಿ:
ಸಿಕ್ತಲ್ಲ! ಆ ಫೋನಿನಾಗ ನೀವು ಎಷ್ಟು ಸಲ ಪಾಸ್‌ವರ್ಡ್ ಬದಲಿಸಿದ್ರೂ ಒಟಿಪಿ ಕಳ್ಳನ ಕೈಗೇ ಹೋಗ್ತದ, ಇಮೇಲೂ ಅವನ ಕೈಯಾಗ. ‘ಪಾಸ್‌ವರ್ಡ್ ಮರೆತೆ’ ಅಂತ ಒತ್ತಿ ಮತ್ತ ಒಳಗ ಬರ್ತಾನ. ಅದಕ್ಕ ಸಿಮ್ ತಗದು ಬ್ಯಾರೆ ಫೋನಿಗೆ ಹಾಕು, ಅಕ್ಕನ ಫೋನಿನ ವೈಫೈ ಬಂದ್ ಮಾಡು. ಆ್ಯಪಿನ ಹೆಸರು, ವಾಟ್ಸಾಪಿನಾಗ ಆ ಫೈಲ್ ಬಂದ ಮೆಸೇಜು, ಎರಡನ್ನೂ ನಿನ್ನ ಫೋನಿನಿಂದ ಫೋಟೋ ಹೊಡಿ.

ಆಮೇಲೆ ಸ್ವಚ್ಛ ಇರೋ ಫೋನಿನಾಗ ಮೊದಲ ಜಿಮೇಲ್. ಶಾಪಿಂಗ್ ಖಾತೆದ ಬೀಗದಕೈ ಇರೂದು ಅಲ್ಲೇ. ಪಾಸ್‌ವರ್ಡ್ ಬದಲಿಸಿ, ಗೊತ್ತಿಲ್ಲದ ಡಿವೈಸ್ ಎಲ್ಲಾ ಸೈನ್ ಔಟ್ ಮಾಡು, ಫಿಲ್ಟರ್ ಅಳಿಸು, ರಿಕವರಿ ನಂಬರ್ ಅಕ್ಕಂದೇ ಅದನೋ ನೋಡು. ಅವನು ಅದನ್ನ ಬದಲಿಸಿದ್ರೂ ಹಳೇ ನಂಬರಿಗೆ ಕೋಡ್ ತರಿಸೋ ಅವಕಾಶ 7 ದಿನದ ತನಕ ಇರಬಹುದು, ತಡ ಮಾಡಬ್ಯಾಡ. ಟೂ ಸ್ಟೆಪ್ (ಪಾಸ್‌ವರ್ಡಿನ ಜೋಡಿ ಇನ್ನೊಂದು ಕೋಡ್ ಕೇಳೋ ಬೀಗ) ಹಾಕಿ ಬ್ಯಾಕಪ್ ಕೋಡ್ ಹಾಳಿ ಮ್ಯಾಲೆ ಬರದಿಡು. ಜಿಮೇಲ್ ಭದ್ರ ಆದ ಮ್ಯಾಲೆ ಶಾಪಿಂಗ್ ಖಾತೆ, ಯುಪಿಐ ಪಿನ್, ನೆಟ್ ಬ್ಯಾಂಕಿಂಗ್. ಆ ಸಂಬಂಧಿಕರಿಗೂ ಹೇಳು, ಆದ್ರ ವಾಟ್ಸಾಪಿನಾಗ ಬ್ಯಾಡ, ಫೋನ್ ಮಾಡಿ ಹೇಳು. ಅವರ ಫೋನಿನಾಗೂ ಇದೇ ಇದ್ದೀತು.

ಟಿಳಕವಾಡಿ ನಿವೃತ್ತ ಬ್ಯಾಂಕ್ ನೌಕರ:
ಬ್ಯಾಂಕಿನ ಕಡೆಯ ಮಾತು ನಾನು ಹೇಳುತ್ತೇನೆ. ಕೌಂಟರಿನಲ್ಲಿ ‘ಒಟಿಪಿ ಹಾಕಿದ್ದಾರೆ, ನಾವೇನೂ ಮಾಡಲಾಗದು’ ಎಂದು ಸಾಗಹಾಕಲು ನೋಡಬಹುದು. ಒಪ್ಪಿಕೊಂಡು ಹಿಂದಿರುಗಬೇಡಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ತಂದ ನಿಯಮ ಓದಿ. ತಪ್ಪು ಗ್ರಾಹಕರದೆಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ ಎನ್ನುವಂಥ ಪ್ರಕರಣದಲ್ಲಿ, ಹಣ ಹೋದ ಸುದ್ದಿ ಬ್ಯಾಂಕಿನಿಂದ ಬಂದು 3 ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ಗ್ರಾಹಕರ ಮೇಲೆ ಒಂದು ರೂಪಾಯಿಯ ಹೊರೆಯೂ ಇಲ್ಲ. ದೂರು ಕೊಟ್ಟ ಮೇಲೆ ಹೋದ ಹಣವಂತೂ ಯಾವ ಸಂದರ್ಭದಲ್ಲೂ ಬ್ಯಾಂಕಿನ ಹೊಣೆ. ತಿಳಿಸಿದ 10 ಕೆಲಸದ ದಿನಗಳಲ್ಲಿ ತಾತ್ಕಾಲಿಕವಾಗಿ ಹಣ ಜಮಾ ಮಾಡಬೇಕು, 90 ದಿನಗಳೊಳಗೆ ದೂರು ಇತ್ಯರ್ಥವಾಗಬೇಕು.

ಆದರೆ ಎಪಿಕೆ ಹಾಕಿಕೊಂಡದ್ದೇ ಗ್ರಾಹಕರ ಅಜಾಗರೂಕತೆ ಎಂದು ಬ್ಯಾಂಕ್ ವಾದಿಸಬಹುದು, ಅದಕ್ಕೂ ಸಿದ್ಧರಾಗಿರಿ. ಹಾಗೆಂದು ಎಪಿಕೆ ವಿಷಯ ಮುಚ್ಚಿಡಬೇಡಿ. ಒಟಿಪಿ ಯಾರಿಗೂ ಕೊಟ್ಟಿಲ್ಲ, ಆ್ಯಪ್ ಅದನ್ನು ಕದ್ದಿದೆ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ದೂರು ಬರಹದಲ್ಲಿರಲಿ, ತಾರೀಖು ಮತ್ತು ವೇಳೆ ಇರುವ ಸ್ವೀಕೃತಿ ಪಡೆಯಿರಿ. ವಂಚನೆ ಎಂದು ತಕರಾರು ಮಾಡಿದ ಮೊತ್ತದ ಮೇಲೆ ತಕರಾರು ಮುಗಿಯುವವರೆಗೆ ಶುಲ್ಕ ಹಾಕುವಂತಿಲ್ಲ, ಉಳಿದ ಬಿಲ್ ಮಾತ್ರ ವೇಳೆಗೆ ಕಟ್ಟಿಬಿಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ) ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.

ಗುಳೇದಗುಡ್ಡದ ತಮ್ಮ:
ಸರ್, ಅಣ್ಣಾರ, ಇಬ್ಬರಿಗೂ ಭಾಳ ಉಪಕಾರ ಆತ್ರಿ. ಜಿಮೇಲ್ ಕೈಗೆ ಬಂತು. ಮುಂಜಾನಿ ವೋಚರ್ ಇನ್ನೂ ಬಳಸಿದ್ದಿಲ್ಲಂತ, ಕಂಪನಿಯವರು ರದ್ದು ಮಾಡ್ಯಾರ. ಉಳಿದವು ಖರ್ಚಾಗ್ಯಾವ. ಬ್ಯಾಂಕಿಗೆ ಬರದು ಕೊಟ್ಟು ಸ್ವೀಕೃತಿ ತಗೊಂಡ್ವಿ. ಸಂಬಂಧಿಕರ ಫೋನಿನಾಗೂ ಅದ ಆ್ಯಪ್ ಸಿಕ್ತು. ನಾಳೆ ಬಾಗಲಕೋಟಿ ಸಿಇಎನ್ (ಸೈಬರ್ ಅಪರಾಧ ನೋಡೂ) ಪೊಲೀಸ್ ಠಾಣೆಗೆ ಹೊಂಟೀವಿ. ಅದಕ್ಕಿಂತ ಮೊದಲ ಅಕ್ಕನ ಫೋನ್ ಫಾರ್ಮ್ಯಾಟ್ ಮಾಡ್ಲೇನ್ರಿ?

ವಿಜಯಪುರ ಮೊಬೈಲ್ ರಿಪೇರಿ:
ಬ್ಯಾಡ. ಸ್ವಿಚ್ ಆಫ್ ಮಾಡಿ ಇದ್ದಂಗ ಒಯ್ಯಿ. ಆ ಆ್ಯಪ್ ಅಳಿಸಿದ್ರ ಸಾಕ್ಷಿನೂ ಅಳೀತದ. ಬ್ಯಾಂಕಿನ ಸ್ಟೇಟ್‌ಮೆಂಟು, ಟ್ರ್ಯಾಶಿನಾಗ ಸಿಕ್ಕ ಇಮೇಲು, 1930ರ ದೂರಿನ ನಂಬರ್, ಎಲ್ಲಾ ಪ್ರಿಂಟ್ ತಗದು ಜೋಡಿ ಒಯ್ಯಿ. ಅವರು ನೋಡಿ ಫೋನ್ ವಾಪಸ್ ಕೊಟ್ಟ ಮ್ಯಾಲೆ ಫ್ಯಾಕ್ಟರಿ ರೀಸೆಟ್ ಮಾಡು. ಫೋಟೋ, ಕಾಂಟ್ಯಾಕ್ಟ್ ಬಿಟ್ಟು ಹಳೇ ಬ್ಯಾಕಪ್ಪಿನಿಂದ ಯಾವ ಆ್ಯಪನ್ನೂ ಹಾಕಬ್ಯಾಡ, ಪ್ಲೇ ಸ್ಟೋರಿನಿಂದ ಹೊಸದಾಗಿ ಇಳಿಸು. ಅಕ್ಕಗ ಊಟ ಮಾಡ್ಸು ಮೊದಲ.