ಎಎಫ್‌ಎಂನಲ್ಲಿ (ಸೂಜಿ ಮೊನೆ, ಅಂದ್ರೆ ಟಿಪ್, ಮೇಲ್ಮೈ ತಡವಿ ಚಿತ್ರ ಕೊಡೋ ಮೈಕ್ರೋಸ್ಕೋಪ್) ಪಿಎಲ್‌ಜಿಎ (ಔಷಧ ತುಂಬೋ ಪಾಲಿಮರ್) ಕಣ ಬೆರಣಿ ಥರ ಚಪ್ಪಟೆ ಕಾಣ್ತಿದೆ, ಯಾರಾದ್ರೂ ಹೆಲ್ಪ್ ಮಾಡಿ

ಕಣ_ಹುಡುಗ:
ಮೂರು ವಾರದಿಂದ ತಲೆ ಕೆಟ್ಟೋಗಿದೆ. ಡ್ರಗ್ ತುಂಬಿದ ಪಿಎಲ್‌ಜಿಎ ಕಣ, ಡಿಎಲ್‌ಎಸ್‌ನಲ್ಲಿ (ದ್ರವದಲ್ಲಿರೋ ಕಣದ ಸೈಜನ್ನ ಬೆಳಕಿಂದ ಅಳೆಯೋ ವಿಧಾನ) 180 ನ್ಯಾನೋಮೀಟರ್ ನೀಟಾಗಿ ಬರುತ್ತೆ, ಅದನ್ನೇ ಮೈಕಾ (ನಯವಾದ ಅಭ್ರಕದ ಹಾಳೆ) ಮೇಲೆ ಹಾಕಿ ಟಿಪ್ ತಟ್ಟಿ ತಟ್ಟಿ ಹೋಗೋ ಟ್ಯಾಪಿಂಗ್ ಮೋಡ್‌ನಲ್ಲಿ ನೋಡಿದ್ರೆ ಅಗಲ 400, ಎತ್ತರ ಬರೀ 45. ಗುಂಡಗಿರ್ಬೇಕಾದ್ದು ಗೋಡೆಗೆ ತಟ್ಟಿದ ಬೆರಣಿ ಥರ ಕೂತಿದೆ. ಗೈಡ್‌ಗೆ ಏನಂತ ತೋರಿಸ್ಲಿ?

ಟಿಪ್‌ಟಾಪ್_ಮೈಸೂರು:
ಟಿಪ್ ಮೊಂಡಾಗಿದೆ ಗುರು, ಚೇಂಜ್ ಮಾಡಿ.

ಕಣ_ಹುಡುಗ:
ಮಾಡ್ದೆ ಸರ್, ಎರಡು ಹೊಸ ಟಿಪ್ ಹೋಯ್ತು, ಅದೇ ಕತೆ.

ಟಿಪ್‌ಟಾಪ್_ಮೈಸೂರು:
ಹೊಸದು ಅಂದ ಮಾತ್ರಕ್ಕೆ ನಂಬ್ಬೇಡಿ, ಅಪ್ರೋಚ್ ಮಾಡುವಾಗ್ಲೇ ಮುರಿದಿರತ್ತೆ. ಸ್ಯಾಂಪಲ್‌ನ್ನೇ 90 ಡಿಗ್ರಿ ತಿರುಗಿಸಿ, ಕಣದ ಆಕಾರ ಜೊತೇಲಿ ತಿರುಗ್ಲಿಲ್ಲ ಅಂದ್ರೆ ಟಿಪ್‌ದೇ ತಪ್ಪು.

ಗ್ರಾನೈಟ್_ಟೇಬಲ್:
ಡಿಎಲ್‌ಎಸ್ ನಂಬರ್ ಹಿಡ್ಕೊಂಡು ಯಾಕೆ ಹೋಲಿಸ್ತೀರಿ, ಅದು ನೀರಲ್ಲಿ ಓಡಾಡೋ ಕಣದ ಸೈಜು, ದೊಡ್ಡ ಕಣ ನಾಲ್ಕಿದ್ರೂ ಸರಾಸರಿ ಮೇಲೆ ಎಳ್ಕೊಂಡು ಹೋಗತ್ತೆ. ವೈಬ್ರೇಶನ್ನೂ ನೋಡಿ, ನಮ್ಮದು ಬೇಸ್‌ಮೆಂಟಲ್ಲಿ ಗ್ರಾನೈಟ್ ಚಪ್ಪಡಿ ಮೇಲಿದೆ, ಮೈಕಾದ ಒಂದೊಂದು ಪದರದ ಮೆಟ್ಟಿಲೂ ಕಾಣತ್ತೆ.

ಟಿಪ್‌ಟಾಪ್_ಮೈಸೂರು:
ಅವ್ರು ಕೇಳಿದ್ದು ವೈಬ್ರೇಶನ್ ಅಲ್ಲ ಸ್ವಾಮಿ.

ಲಿಪಿಡ್_ಅಕ್ಕ:
ಇಬ್ರೂ ಸ್ವಲ್ಪ ನಿಲ್ಲಿ. ಮೊಂಡು ಟಿಪ್ ಅಗಲ ಜಾಸ್ತಿ ತೋರಿಸತ್ತೆ, ಕಣದ ಎತ್ತರ ಇಷ್ಟು ಇಳಿಸಲ್ಲ. ಲೆಕ್ಕ ಹಾಕಿ ನೋಡ್ದೆ, 180ರ ಗೋಳದ ಗಾತ್ರ ಸುಮಾರು 30 ಲಕ್ಷ ಘನ ನ್ಯಾನೋಮೀಟರ್, ಈ ಬೆರಣಿದು 29 ಲಕ್ಷ. ಅಂದ್ರೆ ಮಾಲು ಎಲ್ಲೂ ಹೋಗಿಲ್ಲ, ಹರಡ್ಕೊಂಡಿದೆ ಅಷ್ಟೆ. ಹೇಗೆ ಒಣಗಿಸಿದ್ರಿ?

ಕಣ_ಹುಡುಗ:
ಮಾಮೂಲಿ ಥರಾನೇ ಅಕ್ಕ, ಹಾಟ್‌ಪ್ಲೇಟ್ 60 ಡಿಗ್ರಿ, ಹತ್ತು ನಿಮಿಷ. ಮಷೀನ್ ಸ್ಲಾಟ್ ಒಂದೇ ಗಂಟೆ ಸಿಗೋದು.

ಲಿಪಿಡ್_ಅಕ್ಕ:
ಅಲ್ಲೇ ಇರೋದು ತಮ್ಮಾ! ಇದನ್ನ ಮೊದ್ಲೇ ಬರೀಬೇಕಿತ್ತು. ಪಿಎಲ್‌ಜಿಎ ಗ್ಲಾಸ್ ಟ್ರಾನ್ಸಿಷನ್ (ಗಟ್ಟಿತನ ಬಿಟ್ಟು ಮೆತ್ತಗಾಗೋ ಬಿಸಿ) ಸುಮಾರು 45-50 ಡಿಗ್ರಿ, ನೀರು ಹೀರಿದ್ರೆ ಇನ್ನೂ ಕೆಳಗೆ ಇಳಿಯತ್ತೆ. 60ಕ್ಕೆ ಇಟ್ರೆ ಬೆಲ್ಲ ಕರಗಿದ ಹಾಗೆ ಕೂರತ್ತೆ. ಕಣ ತೊಳೆದು ಪಿವಿಎ (ಕಣ ಮಾಡುವಾಗ ಹಾಕೋ ಸ್ಟೆಬಿಲೈಸರ್) ತೆಗೀರಿ, ತೆಳ್ಳಗೆ ಮಾಡಿ, ಟೇಪ್ ಹಾಕಿ ಆಗ್ತಾನೆ ಸೀಳಿದ ಮೈಕಾ ಮೇಲೆ 10 ಮೈಕ್ರೋಲೀಟರ್ ಬಿಟ್ಟು ರಾತ್ರಿಯೆಲ್ಲಾ ಡೆಸಿಕೇಟರಲ್ಲಿ (ತೇವ ತೆಗೆಯೋ ಮುಚ್ಚಿದ ಪಾತ್ರೆ) ಇಡಿ. ಬಿಸಿ ಮಾತ್ರ ತಾಗಿಸ್ಬೇಡಿ.

ಕಣ_ಹುಡುಗ (ನಾಲ್ಕು ದಿನ ಆದ್ಮೇಲೆ):
ಅಕ್ಕ, ಎತ್ತರ 140 ಬಂತು!! ತುಂಬಾ ಥ್ಯಾಂಕ್ಸ್. ಆದ್ರೆ ಈಗ ಒಂದೊಂದು ಕಣದ ಹಿಂದೆ ಬಾಲ ಎಳೆದ ಹಾಗೆ ಗೆರೆ, ಹನಿ ಒಣಗಿದ ಅಂಚಲ್ಲಿ ಬಿಳಿ ಉಂಗುರ.

ಟಿಪ್‌ಟಾಪ್_ಮೈಸೂರು:
ಇದಂತೂ ಟಿಪ್‌ದೇ. ಕಣ ಅಂಟ್ಕೊಂಡಿದೆ.

ಲಿಪಿಡ್_ಅಕ್ಕ:
ಉಂಗುರದ ಹತ್ರ ಸ್ಕ್ಯಾನ್ ಮಾಡ್ಬೇಡಿ, ಮಧ್ಯಕ್ಕೆ ಬನ್ನಿ. ಮೈಕಾದ ಚಾರ್ಜೂ ನೆಗೆಟಿವ್, ನಿಮ್ಮ ಕಣದ್ದೂ ನೆಗೆಟಿವ್, ಗಟ್ಟಿಯಾಗಿ ಹಿಡಿಯಲ್ಲ, ಟಿಪ್ ತಳ್ಳತ್ತೆ. ಮೈಕಾಗೆ ಪಾಸಿಟಿವ್ ಚಾರ್ಜಿನ ಪಾಲಿಲೈಸಿನ್ ಕೋಟ್ ಮಾಡಿ ನೋಡಿ. ಝೀಟಾ (ಕಣದ ಚಾರ್ಜ್ ತೋರಿಸೋ ಅಳತೆ) ಎಷ್ಟು ಬಂದಿತ್ತು?