ಅನುಮತಿ ಕೊಡುವ ಸ್ಕ್ರಿಪ್ಟ್ ಬರೆಯುತ್ತಿದ್ದೇನೆ, ಕೈ ಸುಟ್ಟುಕೊಂಡವರು ಹೇಳಿ

ಕೆರೆದಂಡೆ (ಪ್ರಶ್ನೆ): ನಮ್ಮಲ್ಲಿ ಗೂಗಲ್ ಕ್ಲೌಡ್‌ನ ಹನ್ನೊಂದು ಪ್ರಾಜೆಕ್ಟ್‌ಗಳಿವೆ. ಹೊಸಬರು ಸೇರಿದಾಗಲೆಲ್ಲ ಒಂದೊಂದಕ್ಕೂ ಹೋಗಿ ಕನ್ಸೋಲ್ ಎಂಬ ವೆಬ್ ಪುಟದಲ್ಲಿ ಅನುಮತಿ ಕೊಟ್ಟು ಸಾಕಾಗಿದೆ. ಪೈಥಾನ್ ಲೈಬ್ರರಿಯಿಂದ ಮಾಡೋಣ ಎಂದರೆ, ಪಾಲಿಸಿ (ಯಾರಿಗೆ ಯಾವ ಅನುಮತಿ ಎಂಬ ಪಟ್ಟಿ) ಓದುವುದಕ್ಕೆ ಒಂದು ಕರೆ, ಬರೆಯುವುದಕ್ಕೆ ಇನ್ನೊಂದು, ಇಷ್ಟೇ. ಇಷ್ಟು ಸುಲಭವಾಗಿದ್ದರೆ ಎಲ್ಲೋ ಗುಂಡಿ ಇರಲೇಬೇಕು. ಬಿದ್ದವರು ತಿಳಿಸಿ.

ರಾತ್ರಿಪಾಳಿ: ಬಿದ್ದವನು ನಾನೇ. ಬರೆಯುವ ಕರೆಯಾದ 'ಸೆಟ್ ಐಎಎಂ ಪಾಲಿಸಿ' ಎಂಬುದನ್ನು 'ಸೇರಿಸು' ಎಂದು ಓದಿಕೊಂಡಿರಿ ಎಂದರೆ ಕೆಟ್ಟಿರಿ. ಅದು ಹಳೆಯ ಪಾಲಿಸಿಯನ್ನು ಪೂರ್ತಿ ತೆಗೆದು ನೀವು ಕೊಟ್ಟದ್ದನ್ನು ಕೂರಿಸುತ್ತದೆ. ಊಟದ ಪಟ್ಟಿಗೆ ಒಬ್ಬರನ್ನು ಸೇರಿಸಿ ಎಂದರೆ ಆ ಒಬ್ಬರ ಹೆಸರಷ್ಟೇ ಇರುವ ಪಟ್ಟಿಯನ್ನು ಅಡುಗೆಯವರ ಕೈಗೆ ಕೊಟ್ಟ ಹಾಗೆ.

ಇದು ಗೊತ್ತಿದ್ದೂ ನಾನು ಬಿದ್ದೆ. ಕನ್ಸೋಲ್‌ನಲ್ಲಿ ಕಂಡ ಹೆಸರುಗಳನ್ನೆಲ್ಲ ಒಂದು ಕಡತದಲ್ಲಿ ಬರೆದುಕೊಂಡು, ಅದನ್ನೇ ಪಾಲಿಸಿಯಾಗಿ ಕಳಿಸಿದೆ. ಎಲ್ಲರೂ ಲಾಗಿನ್ ಆದರು, ನಾನು ಮನೆಗೆ ಹೋದೆ. ರಾತ್ರಿ ನಮ್ಮ ಅಪ್ಲಿಕೇಶನ್‌ಗಳು ಓಡುವ ಯಂತ್ರಗಳ ಗುಂಪಿಗೆ, ಅಂದರೆ ಕುಬರ್ನೆಟಿಸ್ ಕ್ಲಸ್ಟರ್‌ಗೆ, ಹೊಸ ನೋಡ್ (ಯಂತ್ರ) ಸೇರಿಸಲು ಆಗಲಿಲ್ಲ. ಕಾರಣ ಹುಡುಕಿದರೆ, ಗೂಗಲ್ ತನ್ನ ಸೇವೆಗಳನ್ನು ನಡೆಸಲು ತಾನೇ ಇಟ್ಟುಕೊಂಡಿರುವ ಸರ್ವಿಸ್ ಏಜೆಂಟ್ ಎಂಬ ಖಾತೆಗಳ ರೋಲ್‌ಗಳು (ಅನುಮತಿಗಳ ಕಟ್ಟುಗಳು) ಹಾರಿಹೋಗಿದ್ದವು. ಕನ್ಸೋಲ್ ಅವುಗಳನ್ನು ಸಾಮಾನ್ಯವಾಗಿ ತೋರಿಸುವುದೇ ಇಲ್ಲ. ಗೂಗಲ್ ಕೊಟ್ಟ ರೋಲ್‌ಗಳನ್ನೂ ತೋರಿಸು ಎಂಬ ಚೌಕಕ್ಕೆ ಗುರುತು ಹಾಕಬೇಕು. ನಾನು ಹಾಕಿರಲಿಲ್ಲ.

ನನ್ನನ್ನು ಉಳಿಸಿದ್ದು ಆಡಿಟ್ ಲಾಗ್. ಪಾಲಿಸಿ ಬದಲಾವಣೆಯ ದಾಖಲೆ ಅಲ್ಲಿ ತಾನಾಗಿಯೇ ಬೀಳುತ್ತದೆ, 400 ದಿನ ಇರುತ್ತದೆ, ಯಾವ ರೋಲ್‌ನಿಂದ ಯಾರನ್ನು ತೆಗೆದಿರಿ ಎಂಬುದು ಸಾಲುಸಾಲಾಗಿ ಸಿಗುತ್ತದೆ. ಅದನ್ನು ನೋಡಿಕೊಂಡು ಒಂದೊಂದಾಗಿ ಮರಳಿ ಹಾಕಿದೆ. ಬೆಳಗಿನ ಕಾಫಿ ಕಚೇರಿಯಲ್ಲೇ ಆಯಿತು.

ಆದ್ದರಿಂದ ಮೊದಲು ಓದಿ, ಓದಿದ್ದರಲ್ಲೇ ತಿದ್ದಿ, ಅದನ್ನೇ ವಾಪಸ್ ಬರೆಯಿರಿ. ಓದಿದಾಗ ಜೊತೆಗೆ ಬರುವ ಇ-ಟ್ಯಾಗ್ ಎಂಬ ಗುರುತನ್ನು ಬಿಸಾಡಬೇಡಿ. ನಡುವೆ ಬೇರೆ ಯಾರಾದರೂ ಪಾಲಿಸಿ ತಿದ್ದಿದ್ದರೆ ಆ ಗುರುತು ಹೊಂದದೆ 409 ದೋಷ ಬರುತ್ತದೆ. ಬರಲಿ, ಒಳ್ಳೆಯದೇ. ಮತ್ತೆ ಓದಿ, ಮತ್ತೆ ತಿದ್ದಿ. ಗುರುತಿಲ್ಲದೆ ಕಳಿಸಿದರೆ ಅವರು ತಿದ್ದಿದ್ದು ಅಳಿಸಿಹೋಗುತ್ತದೆ, ಇಬ್ಬರಿಗೂ ತಿಳಿಯುವುದಿಲ್ಲ.

ಹಳೇಸೇತುವೆ: ಮೇಲಿನವರು ಬಿಟ್ಟ ಒಂದು ಮಾತು. ಶರತ್ತು ಹಾಕಿದ ಅನುಮತಿಗಳಿದ್ದರೆ, ಉದಾಹರಣೆಗೆ ಇಂಥ ದಿನಾಂಕದವರೆಗೆ ಮಾತ್ರ ಎಂದು ಗುತ್ತಿಗೆಯವರಿಗೆ ಕೊಟ್ಟದ್ದು, ಓದುವಾಗಲೇ ಪಾಲಿಸಿಯ ಆವೃತ್ತಿ 3 ಬೇಕು ಎಂದು ಕೇಳಿ, ಬರೆಯುವಾಗಲೂ 3 ಎಂದೇ ಹಾಕಿ. ಕೇಳದಿದ್ದರೆ ಶರತ್ತು ನಿಮ್ಮ ಕೈಗೆ ಬರುವುದಿಲ್ಲ. ರೋಲ್‌ನ ಹೆಸರಿಗೆ 'ವಿತ್‌ಕಾಂಡ್' ಎಂಬ ಬಾಲ ಅಂಟಿಕೊಂಡಿರುತ್ತದೆ. ಆ ಬಾಲ ಕಂಡರೆ ಅಲ್ಲಿಗೇ ನಿಲ್ಲಿಸಿ. ಸ್ಟೋರೇಜ್ ಲೈಬ್ರರಿಯಲ್ಲಿ ರೋಲ್ ಹೆಸರನ್ನೇ ಕೀಲಿಯಾಗಿ ಬಳಸುವ ಹಳೆಯ ರೂಢಿಯೂ ಆವೃತ್ತಿ 3ರಲ್ಲಿ ನಡೆಯುವುದಿಲ್ಲ, ಬೈಂಡಿಂಗ್‌ಗಳ (ಯಾವ ರೋಲ್ ಯಾರ್ಯಾರಿಗೆ ಎಂಬ ಜೋಡಿಗಳ) ಪಟ್ಟಿಯನ್ನೇ ಮುಟ್ಟಬೇಕು.

ಮಧ್ಯಾಹ್ನದಬಿಸಿಲು: ನನಗೆ ಪ್ರಶ್ನೆಯೇ ಒಪ್ಪಿಗೆಯಾಗಲಿಲ್ಲ, ಕ್ಷಮಿಸಿ. ಜನರನ್ನು ಹನ್ನೊಂದು ಕಡೆ ಏಕೆ ಬರೆಯಬೇಕು? ಗುಂಪು ಮಾಡಿ, ಗುಂಪಿಗೆ ಒಮ್ಮೆ ರೋಲ್ ಕೊಟ್ಟುಬಿಡಿ. ಆಮೇಲೆ ಯಾರು ಬಂದರೂ ಹೋದರೂ ಗುಂಪಿನಲ್ಲಿ ಮಾತ್ರ ಬದಲಾವಣೆ. ಪಾಲಿಸಿಗೆ ನೇರವಾಗಿ ಹೊಸ ರೋಲ್ ಹಾಕಿದರೆ ಅದು ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ಜಾರಿಗೆ ಬರುತ್ತದೆ. ಗುಂಪಿನ ಸದಸ್ಯತ್ವಕ್ಕೆ ಕೆಲವೊಮ್ಮೆ ಗಂಟೆಗಳೇ ಹಿಡಿಯುತ್ತವೆ. ಕೆಲಸ ಬಿಟ್ಟವರನ್ನು ತೆಗೆಯುವಾಗ ಇದು ನೆನಪಿರಲಿ.

ಕ್ಲೌಡ್ ವ್ಯವಸ್ಥೆಯನ್ನು ಕಡತಗಳಲ್ಲಿ ಬರೆದು ನಡೆಸುವ ಟೆರಾಫಾರ್ಮ್ ಬಳಸಿದರೆ ಈ ತಲೆನೋವು ತಪ್ಪುತ್ತದೆ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ತಪ್ಪುವುದಿಲ್ಲ. ಅಲ್ಲಿ ಪಾಲಿಸಿ, ಬೈಂಡಿಂಗ್, ಮೆಂಬರ್ ಎಂದು ಮೂರು ಬಗೆಗಳಿವೆ. ಮೊದಲನೆಯದು ರಾತ್ರಿಪಾಳಿಯವರು ಮಾಡಿದ್ದನ್ನೇ ಮಾಡುತ್ತದೆ. ಎರಡನೆಯದು ಒಂದು ರೋಲ್‌ನ ಮಟ್ಟಿಗೆ ಉಳಿದವರನ್ನೆಲ್ಲ ತೆಗೆದುಹಾಕುತ್ತದೆ. ಮೂರನೆಯದು ಮಾತ್ರ ನಿಜವಾಗಿ ಸೇರಿಸುತ್ತದೆ.

ಸಂತೆಮಾಳ: ಚಿಕ್ಕದೊಂದು. ಸರ್ವಿಸ್ ಅಕೌಂಟ್ (ಜನರಿಗಲ್ಲ, ಪ್ರೋಗ್ರಾಂಗಳಿಗೆ ಇರುವ ಖಾತೆ) ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಸೃಷ್ಟಿಸಿದರೆ ಹಳೆಯ ರೋಲ್‌ಗಳು ಅದಕ್ಕೆ ಸಿಗುವುದಿಲ್ಲ. ಹೆಸರು ಒಂದೇ, ಒಳಗಿನ ಗುರುತು ಬೇರೆ. ಹಳೆಯದು 'ಡಿಲೀಟೆಡ್' ಎಂಬ ಮುನ್ನುಡಿಯೊಂದಿಗೆ ಪಾಲಿಸಿಯಲ್ಲೇ ಕೂತಿರುತ್ತದೆ. ನಾನು ಅರ್ಧ ದಿನ ಕಳೆದುಕೊಂಡ ಮೇಲೆ ಇದು ಹೊಳೆಯಿತು.

ಕೆರೆದಂಡೆ: ಎಲ್ಲರಿಗೂ ನಮಸ್ಕಾರ. ಗುಂಪಿನ ದಾರಿಯನ್ನೇ ಹಿಡಿದೆ, ಸ್ಕ್ರಿಪ್ಟ್ ಈಗ ಹನ್ನೊಂದು ಪ್ರಾಜೆಕ್ಟ್‌ಗಳಿಗೆ ಗುಂಪನ್ನು ಸೇರಿಸುವುದಷ್ಟೇ. ಬರೆಯುವ ಮೊದಲು ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಪರದೆಯ ಮೇಲೆ ತೋರಿಸಿ, ಕಳೆಯುವ ಗುರುತಿನ (ಯಾರನ್ನೋ ತೆಗೆಯುವ) ಒಂದೇ ಒಂದು ಸಾಲು ಇದ್ದರೂ ಮುಂದುವರಿಯದಂತೆ ಮಾಡಿದ್ದೇನೆ. ಆ ನೆಪದಲ್ಲಿ ಪಾಲಿಸಿಗಳನ್ನು ಮೊದಲ ಬಾರಿಗೆ ಕಣ್ಣಿಟ್ಟು ಓದಿದೆ. ಸಂತೆಮಾಳದವರು ಹೇಳಿದ 'ಡಿಲೀಟೆಡ್' ಸಾಲುಗಳು ನಾಲ್ಕು ಸಿಕ್ಕವು. ಐದನೆಯದಾಗಿ, ಕಳೆದ ವರ್ಷವೇ ಬೀಳ್ಕೊಡುಗೆಯ ಊಟ ಮುಗಿಸಿ ಹೋದವರೊಬ್ಬರು ಇನ್ನೂ ಓನರ್ ಆಗಿಯೇ ಇದ್ದರು.